‘ಡಿಸ್ಕ್ ಇಲ್ಲ’ ಎನ್ನುವ ಯಂತ್ರ, ‘ಸತ್ತಿದೆ’ ಎನ್ನುವ ಅಂಗಡಿ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ತನ್ನ ಕೈಯಾರೆ ಒಂದು ಕಂಪ್ಯೂಟರ್ ಜೋಡಿಸಿದ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರ ಬಾಯಲ್ಲೂ ‘ಎಸ್.ಪಿ. ರೋಡ್’ ಆಗಿರುವ ಆ ಇಕ್ಕಟ್ಟಾದ ಬೀದಿಯಲ್ಲಿ, ಎರಡು ಶನಿವಾರ ಅಲೆದು ಬಿಡಿಭಾಗಗಳನ್ನು ತಂದಿದ್ದ. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸ್ಕ್ರೂಗಳನ್ನು ಬಟ್ಟಲೊಂದರಲ್ಲಿ ಇಟ್ಟುಕೊಂಡು, ಸಂಜೆಯವರೆಗೆ ಕುಳಿತು ಎಲ್ಲವನ್ನೂ ಪೆಟ್ಟಿಗೆಯೊಳಗೆ ಸೇರಿಸಿದ. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆಯಲ್ಲಿ ಬೆಳಕು ಮೂಡಿತು. ವಿಂಡೋಸ್ ಅಳವಡಿಸಲು ಹೊರಟಾಗ ಮಾತ್ರ ಯಂತ್ರ ಒಂದೇ ಮಾತನ್ನು ಹೇಳತೊಡಗಿತು: ಯಾವ ಡ್ರೈವ್ ಕೂಡ ಸಿಗಲಿಲ್ಲ.

ಮರುದಿನ ಅಂಗಡಿಗೆ ಒಯ್ದ. ಅಲ್ಲಿದ್ದವರು ಎರಡು ನಿಮಿಷ ನೋಡಿ ತೀರ್ಪು ಕೊಟ್ಟರು: ಎಸ್‌ಎಸ್‌ಡಿ ಸತ್ತಿದೆ, ಬೇರೆಯದನ್ನು ಕೊಳ್ಳಿ, ಇದನ್ನು ವಾರಂಟಿಗೆ ಕಳುಹಿಸಿದರೆ ಬರುವುದು ತಡವಾಗುತ್ತದೆ. ಹುಡುಗ ಅಲ್ಲಿಂದಲೇ ಫೋನ್ ಮಾಡಿದ. ‘ಮಾಮ, ಹೊಸದನ್ನೇ ತಗೊಂಡುಬಿಡಲಾ?’ ಅವನು ಪಾಠ ಹೇಳಿಕೊಟ್ಟು ಕೂಡಿಟ್ಟ ಹಣವದು. ಬೇಡ, ಎತ್ತಿಕೊಂಡು ಮನೆಗೆ ಬಾ ಎಂದೆ.

ನಾನು ತಂತ್ರಜ್ಞನಲ್ಲ; ಹೀಗೆ ಹೇಳಲು ನನಗೆ ಬೇರೆಯೇ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಆ ರಾತ್ರಿ ನಾವಿಬ್ಬರೂ ಮದರ್‌ಬೋರ್ಡಿನ ಬಯಾಸ್ ತೆರೆದು ಪುಟ ಪುಟ ನೋಡುತ್ತಾ ಹೋದೆವು. ಒಳಗಿನ ಒಂದು ಪುಟದಲ್ಲಿ ಆ ‘ಸತ್ತ’ ಡಿಸ್ಕ್ ತನ್ನ ಕಂಪನಿ, ಮಾದರಿ ಸಂಖ್ಯೆ, ಸಾಮರ್ಥ್ಯ ಸಮೇತ ಕುಳಿತಿತ್ತು. ಬೋರ್ಡಿಗೆ ಅದು ಕಾಣುತ್ತಿದೆ, ವಿಂಡೋಸಿಗೆ ಕಾಣುತ್ತಿಲ್ಲ. ಹೀಗಿರುವಾಗ ದೋಷ ಡಿಸ್ಕಿನದು ಎನ್ನಲು ಬರುವುದಿಲ್ಲ. ಕಾರಣ ಇಂಟೆಲ್‌ನ ‘ವಿಎಂಡಿ’ ಎಂಬ ಏರ್ಪಾಡು. 11ನೆಯ ಪೀಳಿಗೆಯ ಪ್ರೊಸೆಸರುಗಳಿಂದೀಚೆಗೆ ಮನೆಬಳಕೆಯ ಯಂತ್ರಗಳಿಗೂ ಬಂದಿರುವ ಇದು ಎಸ್‌ಎಸ್‌ಡಿಯನ್ನು ತನ್ನ ಉಸ್ತುವಾರಿಯೊಳಗೆ ಇಟ್ಟುಕೊಳ್ಳುತ್ತದೆ. ಆ ಬಾಗಿಲು ದಾಟಲು ಬೇಕಾದ ಡ್ರೈವರ್ ವಿಂಡೋಸ್ ಅಳವಡಿಕೆಯ ಪೆನ್‌ಡ್ರೈವಿನಲ್ಲಿ ಎಷ್ಟೋ ಬಾರಿ ಇರುವುದೇ ಇಲ್ಲ. ಆ ಕಡತವನ್ನು ಬೋರ್ಡ್ ತಯಾರಕರ ಜಾಲತಾಣದಿಂದ ಇಳಿಸಿಕೊಂಡು, ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿಕೊಟ್ಟೆವು. ಡಿಸ್ಕ್ ಪ್ರತ್ಯಕ್ಷವಾಯಿತು. ಖರ್ಚು ಸೊನ್ನೆ.

ಡ್ರೈವರ್ ಎಂದರೆ ನಮ್ಮಲ್ಲಿ ಬಸ್ಸು ಓಡಿಸುವವನು. ಇಲ್ಲಿ ಅದು ದುಭಾಷಿ. ಕಾರ್ಯಾಚರಣೆ ವ್ಯವಸ್ಥೆಗೂ ಯಂತ್ರಾಂಗಕ್ಕೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ತಂತ್ರಾಂಶ. ದುಭಾಷಿ ಬಾರದಿದ್ದರೆ ಎದುರಿಗೆ ಕುಳಿತ ಅತಿಥಿಯ ಮಾತು ಅರ್ಥವಾಗದು, ನಿಜ. ಆದರೆ ‘ಇವರ ಭಾಷೆ ನನಗೆ ತಿಳಿಯದು’ ಎನ್ನುವುದಕ್ಕೂ ‘ಮನೆಗೆ ಯಾರೂ ಬಂದೇ ಇಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ? ಪರದೆಯ ಮೇಲೆ ಬರುವುದು ಎರಡನೆಯ ಮಾತು. ಸ್ಟೋರೇಜ್ ಡ್ರೈವರ್ ಬೇಕಿದ್ದರೆ ಇಲ್ಲಿ ಒತ್ತಿ ಎಂಬ ಸೂಚನೆ ಅದರ ಪಕ್ಕದಲ್ಲೇ ಇರುತ್ತದೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಡ್ರೈವ್ ಎಂದರೆ ಡಿಸ್ಕು, ಡ್ರೈವರ್ ಎಂದರೆ ತಂತ್ರಾಂಶ. ಒಂದಕ್ಷರದ ಅಂತರದ ಎರಡು ಪದಗಳನ್ನು ಒಂದೇ ಸಾಲಿನಲ್ಲಿಟ್ಟರೆ, ಇಂಗ್ಲಿಷನ್ನು ತಡವರಿಸಿ ಓದುವ ಓದುಗನ ಗತಿಯೇನು?

ಇದು ಇಂದಿನ ರೋಗವಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಸಾಟಾ ಡಿಸ್ಕುಗಳು ಇನ್ನೂ ಮಾರುಕಟ್ಟೆಯಲ್ಲಿ ನೆಲೆಯೂರಿರಲಿಲ್ಲ. ಅವು ಬಂದ ಮೇಲೆ, ಎಎಚ್‌ಸಿಐ ವಿಧಾನದಲ್ಲಿಟ್ಟ ಸಾಟಾ ಡಿಸ್ಕನ್ನು ಎಕ್ಸ್‌ಪಿಯ ಸಿ.ಡಿ. ಗುರುತಿಸುತ್ತಿರಲಿಲ್ಲ. ಅಳವಡಿಕೆಯ ಆರಂಭದಲ್ಲಿ ಕೆಲವೇ ಕ್ಷಣ ‘ಎಫ್6 ಒತ್ತಿ’ ಎಂಬ ಸಾಲು ಮೂಡಿ ಮಾಯವಾಗುತ್ತಿತ್ತು. ಆಗ ಒತ್ತಿದವರು ಡ್ರೈವರನ್ನು ಫ್ಲಾಪಿಯಲ್ಲಿ ಕೊಡಬೇಕಿತ್ತು. ಅಷ್ಟರಲ್ಲಿ ಹೊಸ ಪೆಟ್ಟಿಗೆಗಳಿಂದ ಫ್ಲಾಪಿ ಡ್ರೈವೇ ಕಣ್ಮರೆಯಾಗುತ್ತಿತ್ತು! ಅದಕ್ಕೂ ಮುಂಚೆ 137 ಜಿ.ಬಿ. ಗಡಿಯ ಕಾಟ. ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿದರೂ ಎಕ್ಸ್‌ಪಿಯ ಮೊದಲ ಆವೃತ್ತಿಗೆ ಅಷ್ಟೇ ಕಾಣುತ್ತಿತ್ತು. 2002ರ ಸರ್ವೀಸ್ ಪ್ಯಾಕ್ ಬಂದ ಮೇಲೆ ಅದು ಬಗೆಹರಿಯಿತು. ವಿಸ್ಟಾ ಬಂದಾಗ ಡ್ರೈವರನ್ನು ಪೆನ್‌ಡ್ರೈವಿನಿಂದಲೂ ಕೊಡಬಹುದೆಂದಾಯಿತು. ಅಂದಿನಿಂದ ಇಂದಿನವರೆಗೆ ವ್ಯವಸ್ಥೆ ಬಹುಮಟ್ಟಿಗೆ ಅಲ್ಲೇ ನಿಂತಿದೆ.

ನನ್ನ ಕಾರಣ ಈ ಎಕ್ಸ್‌ಪಿ ಕಾಲದ್ದು. ನಮ್ಮ ತಂದೆ ನಿವೃತ್ತ ಶಿಕ್ಷಕರು. ಕೊನೆಯ ಎರಡು ವರ್ಷ ದಿನವೂ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕುಳಿತು, ‘ನುಡಿ’ ತಂತ್ರಾಂಶದಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಾ, ತಾವು ಕಲಿಸಿದ ಊರುಗಳ ನೆನಪುಗಳನ್ನು ಬರೆಯುತ್ತಿದ್ದರು. 2006ರಲ್ಲಿ ತೀರಿಕೊಂಡರು. ಮರುವರ್ಷದ ಮಳೆಗಾಲದಲ್ಲಿ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು. ಹೊಸ ಬೋರ್ಡ್ ಹಾಕಿ ಹಳೆಯ 80 ಜಿ.ಬಿ. ಡಿಸ್ಕನ್ನೇ ಜೋಡಿಸಿದಾಗ ನೀಲಿ ಪರದೆ ಬಂತು. ಎಕ್ಸ್‌ಪಿಯ ಸಿ.ಡಿ. ಹಾಕಿದರೆ ‘ಯಾವ ಹಾರ್ಡ್ ಡಿಸ್ಕೂ ಕಾಣಲಿಲ್ಲ’ ಎಂಬ ಉತ್ತರ. ‘ಹಾರ್ಡ್ ಡಿಸ್ಕ್ ಹೋಗಿದೆ ಸಾರ್’ ಎಂದರು ಅಂಗಡಿಯವರು. ಯಂತ್ರವನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ಹೊಸ ಡಿಸ್ಕಿನೊಂದಿಗೆ ಅದು ಸುಸೂತ್ರವಾಗಿ ಓಡುತ್ತಿತ್ತು. ಹಳೆಯದನ್ನು ‘ಇದನ್ನೇನು ಮಾಡ್ತೀರಿ’ ಎಂದು ಕೇಳಿದರು. ನಾನೂ ಬಿಟ್ಟು ಬಂದೆ. ಅದು ಗುಜರಿಗೆ ಹೋಯಿತು.

ಎಷ್ಟೋ ವರ್ಷಗಳ ನಂತರ ಆ ಕಂಪ್ಯೂಟರನ್ನು ವಿಲೇವಾರಿ ಮಾಡುವ ಮುನ್ನ ಕುತೂಹಲಕ್ಕೆ ಬಯಾಸ್ ತೆರೆದು ನೋಡಿದೆ. ಸಾಟಾ ವಿಧಾನ ‘ಐಡಿಇ’ ಎಂದಿತ್ತು. ಪೆಟ್ಟಿಗೆಯ ತಳದಲ್ಲಿದ್ದ ಕೈಪಿಡಿಯ ಪ್ರಕಾರ ಕಾರ್ಖಾನೆಯಿಂದ ಬರುವಾಗ ಅದು ‘ಎಎಚ್‌ಸಿಐ’. ಅಂದರೆ ಹೊಸ ಡಿಸ್ಕ್ ಕೂಡ ಮೊದಲಿಗೆ ಕಾಣಿಸಿರಲಿಕ್ಕಿಲ್ಲ. ಯಾರೋ ಆ ಒಂದು ಸಾಲನ್ನು ಬದಲಿಸಿದ ಮೇಲೆ ಕಾಣಿಸಿರಬೇಕು. ಬದಲಿಸಿದ ಮೇಲೆ ಹಳೆಯದನ್ನು ಮತ್ತೊಮ್ಮೆ ಹಾಕಿ ನೋಡಬಹುದೆಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದರೋ. ಆ ಡಿಸ್ಕ್ ಸಿಡಿಲಿಗೇ ಸಿಕ್ಕಿತ್ತೆಂದೂ ಇರಬಹುದು. ತಿಳಿಯುವ ದಾರಿಯನ್ನು ನಾನೇ ಕೈಬಿಟ್ಟು ಬಂದಿದ್ದೆ.

ಅಂಗಡಿಯವರನ್ನು ಮಾತ್ರ ದೂರುವುದು ಸುಲಭ. ಎಸ್.ಪಿ. ರೋಡಿನ ಹುಡುಗರಲ್ಲಿ ಕಾಲೇಜಿನ ಪ್ರಯೋಗಾಲಯಗಳು ಕಲಿಸದಷ್ಟನ್ನು ಕೈಯಿಂದಲೇ ಕಲಿತವರಿದ್ದಾರೆ. ಒಂದೂವರೆ ಗಂಟೆ ಕೂತು ಕಾರಣ ಹುಡುಕಿದರೆ ಅವರಿಗೆ ಸಿಗುವುದು ಒಂದು ಧನ್ಯವಾದ. ಹೊಸ ಡಿಸ್ಕ್ ಮಾರಿದರೆ ಲಾಭ. ರೋಗ ಪತ್ತೆಗೆ ನಾವು ಶುಲ್ಕ ಕೊಡುವುದಿಲ್ಲ, ಔಷಧಿಗೆ ಮಾತ್ರ ಕೊಡುತ್ತೇವೆ. ಹೀಗಿರುವಾಗ ಔಷಧಿಯೇ ಹೆಚ್ಚು ಮಾರಾಟವಾದರೆ ಆಶ್ಚರ್ಯವೇನು? ‘ನೋಡಿ ಹೇಳಲು ಇಷ್ಟು’ ಎಂದು ಫಲಕ ಹಾಕುವ ಅಂಗಡಿಗೆ ನಾನಂತೂ ಸಂತೋಷದಿಂದ ಹಣ ಕೊಟ್ಟೇನು.

ಅಷ್ಟಕ್ಕೂ ಈ ಪತ್ತೆಯ ಕೆಲಸದಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಬಯಾಸಿಗೆ ಡಿಸ್ಕ್ ಕಾಣುತ್ತದೆಯೇ? ಕಾಣದಿದ್ದರೆ ದೋಷ ತಂತಿ, ಕಿಂಡಿ, ವಿದ್ಯುತ್ತು ಅಥವಾ ಡಿಸ್ಕಿನಲ್ಲೇ ಇರುವುದು ಹೆಚ್ಚು. ಸಾಟಾ ಡಿಸ್ಕಿಗೆ ಎರಡು ತಂತಿಗಳಿರುತ್ತವೆ, ದತ್ತಾಂಶಕ್ಕೆ ಸಣ್ಣದು, ವಿದ್ಯುತ್ತಿಗೆ ಅಗಲವಾದದ್ದು. ಎರಡನ್ನೂ ಬಿಚ್ಚಿ ಮತ್ತೆ ಸಿಕ್ಕಿಸಿ, ಬೇರೆ ತಂತಿ, ಬೇರೆ ಕಿಂಡಿ ಪ್ರಯತ್ನಿಸಬೇಕು. ಎಂ.2 ಎಂಬ ಕಿಂಡಿಯ ವಿಷಯ ಇನ್ನೂ ವಿಚಿತ್ರ. ಅದರಲ್ಲಿ ಕೂರುವ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿ. ನೋಡಲು ಅಣ್ಣತಮ್ಮಂದಿರಂತಿದ್ದರೂ ಕೆಲವು ಕಿಂಡಿಗಳು ಒಂದನ್ನೇ ಒಪ್ಪುತ್ತವೆ. ಅನೇಕ ಬೋರ್ಡುಗಳಲ್ಲಿ ಒಂದು ಎಂ.2 ಕಿಂಡಿ ತುಂಬಿದೊಡನೆ ಒಂದೆರಡು ಸಾಟಾ ಕಿಂಡಿಗಳು ಸದ್ದಿಲ್ಲದೆ ನಿಷ್ಕ್ರಿಯವಾಗುತ್ತವೆ, ಏಕೆಂದರೆ ಎರಡಕ್ಕೂ ದಾರಿ ಒಂದೇ. ನಿನ್ನೆಯವರೆಗೆ ಕಾಣುತ್ತಿದ್ದ ಹಾರ್ಡ್ ಡಿಸ್ಕ್ ಹೊಸ ಎಸ್‌ಎಸ್‌ಡಿ ಹಾಕಿದ ದಿನ ಮಾಯವಾದರೆ ಗಾಬರಿಯಾಗದೆ ಪಕ್ಕದ ಕಿಂಡಿಗೆ ಬದಲಿಸಿದರೆ ಸಾಕು. ಇದು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ.

ಬಯಾಸಿಗೆ ಕಂಡು ವಿಂಡೋಸಿಗೆ ಕಾಣದಿದ್ದರೆ ಡ್ರೈವರ್ ಮೇಲೆ ಸಂಶಯ ಪಡಬೇಕು. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರ ಆರಂಭಿಸಿ ನೋಡುವುದು ಒಳ್ಳೆಯ ಸಾಕ್ಷಿ. ಬಹುಪಾಲು ಡ್ರೈವರುಗಳು ಅದರ ಹೊಟ್ಟೆಯಲ್ಲೇ ಇರುವುದರಿಂದ ಅಲ್ಲಿ ಡಿಸ್ಕ್ ಕಂಡರೆ ಅದು ಬದುಕಿದೆ ಎಂದೇ ಅರ್ಥ. ವಿಎಂಡಿಯನ್ನು ಬಯಾಸಿನಲ್ಲೇ ಆರಿಸಿಬಿಡಬಹುದು, ಆದರೆ ಅದನ್ನು ವಿಂಡೋಸ್ ಅಳವಡಿಸುವ ಮೊದಲೇ ಮಾಡಬೇಕು. ಅಳವಡಿಸಿದ ಮೇಲೆ ಬದಲಿಸಿದರೆ ಯಂತ್ರ ಮತ್ತೆ ನೀಲಿ ಪರದೆ ತೋರಿಸಬಹುದು. ಇನ್ನು ವಿಂಡೋಸ್ ಅಳವಟ್ಟ ಮೇಲೂ ಎರಡನೆಯ ಹೊಸ ಡಿಸ್ಕ್ ಕಾಣದಿದ್ದರೆ ಅದಕ್ಕಿನ್ನೂ ಯಾರೂ ಗಡಿ ಹಾಕಿಲ್ಲ ಎಂದಷ್ಟೇ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಅದನ್ನು ಸಿದ್ಧಗೊಳಿಸಬೇಕು. ದೊಡ್ಡ ಡಿಸ್ಕಿಗೆ ಜಿಪಿಟಿ ವಿಧಾನವೇ ಸರಿ, ಹಳೆಯ ಎಂಬಿಆರ್ ಸುಮಾರು 2 ಟಿ.ಬಿ. ಆಚೆಗೆ ಹೋಗಲಾರದು.

ಆದರೆ ಇಲ್ಲೊಂದು ಎಚ್ಚರ. ಹಳೆಯ, ತುಂಬಿದ ಡಿಸ್ಕನ್ನು ಜೋಡಿಸಿದಾಗಲೂ ವಿಂಡೋಸ್ ಕೆಲವೊಮ್ಮೆ ಅದೇ ಸೌಜನ್ಯದಿಂದ ‘ಸಿದ್ಧಗೊಳಿಸಲೇ?’, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಒಪ್ಪಿಗೆ ಕೊಟ್ಟು ವರ್ಷಗಳ ಛಾಯಾಚಿತ್ರ ಕಳೆದುಕೊಂಡವರಿದ್ದಾರೆ. ಅಲ್ಲಿ ‘ಬೇಡ’ ಎಂದು ಒತ್ತಿ, ಡಿಸ್ಕನ್ನು ಬಿಚ್ಚಿಟ್ಟು, ತಿಳಿದವರನ್ನು ಕೇಳುವುದು ಲೇಸು. ಮೊದಲೇ ಪ್ರತಿ ಇಟ್ಟುಕೊಂಡಿದ್ದರೆ ಈ ಆತಂಕವೇ ಇರುತ್ತಿರಲಿಲ್ಲ ಎಂಬ ಬುದ್ಧಿವಾದವನ್ನು ನಾನು ಯಾರಿಗೂ ಹೇಳಲಾರೆ. ಆ ಅರ್ಹತೆ ನನಗಿಲ್ಲ.

ಡ್ರೈವರ್ ಸಂಕಟದ ಇನ್ನೊಂದು ಮುಖ ಜಾಲಸಂಪರ್ಕದ್ದು. ಹುಡುಗನ ಯಂತ್ರಕ್ಕೆ ಡಿಸ್ಕ್ ಕಂಡ ಮೇಲೆ ವಿಂಡೋಸ್ 11 ಇಂಟರ್‌ನೆಟ್ ಇಲ್ಲದೆ ಮುಂದೆ ಹೋಗಲೊಲ್ಲೆ ಎಂದಿತು. ಇಂಟರ್‌ನೆಟ್ಟಿಗೆ ವೈಫೈ ಡ್ರೈವರ್ ಬೇಕು; ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂಥ ಸ್ಥಿತಿ. ಬೋರ್ಡಿನ ಜತೆ ಡ್ರೈವರುಗಳ ಡಿ.ವಿ.ಡಿ. ಬರುತ್ತಿದ್ದ ಕಾಲವಿತ್ತು, ಪೆಟ್ಟಿಗೆಗಳಲ್ಲಿ ಡಿ.ವಿ.ಡಿ. ಡ್ರೈವ್ ಇಲ್ಲವಾದ ಮೇಲೂ ಕೆಲವರು ಅದನ್ನು ಕೊಡುತ್ತಲೇ ಇದ್ದರು. ಈಗ ಕೆಲವು ದುಬಾರಿ ಬೋರ್ಡುಗಳ ಜತೆ ಪುಟ್ಟ ಪೆನ್‌ಡ್ರೈವ್ ಇರುತ್ತದೆ. ಉಳಿದವರ ಪಾಲಿಗೆ ಇನ್ನೊಂದು ಕಂಪ್ಯೂಟರ್ ಮನೆಯಲ್ಲಿದೆ ಎಂಬುದೇ ತಯಾರಕರ ಊಹೆ. ಮೊದಲ ಕಂಪ್ಯೂಟರನ್ನು ಜೋಡಿಸುತ್ತಿರುವವನ ಮನೆಯಲ್ಲಿ ಎರಡನೆಯದು ಎಲ್ಲಿಂದ ಬರಬೇಕು? ಕೊನೆಗೆ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಇಂಟರ್‌ನೆಟ್ ಹಂಚಿಕೊಂಡು ದಾಟಿದೆವು. ಆಂಡ್ರಾಯ್ಡ್ ಫೋನಿನಲ್ಲಿ ಇದು ಸಾಮಾನ್ಯವಾಗಿ ಯಾವ ಹೊಸ ಡ್ರೈವರನ್ನೂ ಬೇಡದೆ ನಡೆಯುತ್ತದೆ.

ಇಷ್ಟು ಪಾಡು ಯಾಕೆ, ಬ್ರ್ಯಾಂಡಿನ ಲ್ಯಾಪ್‌ಟಾಪ್ ಕೊಂಡರಾಗದೇ ಎಂದು ಅಕ್ಕ ಕೇಳಿದಳು. ಆಗಬಹುದು. ಆದರೆ ಜೋಡಿಸಿದ ಯಂತ್ರದಲ್ಲಿ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸುತ್ತೇವೆ. ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಲ್ಯಾಪ್‌ಟಾಪ್‌ಗಳಲ್ಲಿ ಆ ಭಾಗ್ಯವಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನೇ ಆರಂಭಿಸಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರಗಳು ಗ್ರಾಹಕನಿಗೆ ಸಿಗಬೇಕೆಂಬುದು ಉದ್ದೇಶ. ಸ್ವಾಗತಾರ್ಹವೇ. ಆದರೆ ಸುಸ್ಥಿತಿಯಲ್ಲಿರುವ ವಸ್ತುವನ್ನು ಕೆಟ್ಟಿದೆಯೆಂದು ನಂಬುವ ಗ್ರಾಹಕನಿಗೆ ದುರಸ್ತಿಯ ಹಕ್ಕಿನಿಂದ ಏನು ಪ್ರಯೋಜನ? ಮೊದಲು ಬೇಕಿರುವುದು, ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯುವ ಶಕ್ತಿ. ನಮ್ಮ ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ಕೀಲಿಮಣೆ, ಮೌಸ್, ಸಿಪಿಯು ಚಿತ್ರ ಬರೆದು ಭಾಗ ಗುರುತಿಸುವುದಿದೆ. ಆ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಒಂದು ತಂತಿ ಕಿತ್ತು, ‘ಈಗ ಇದು ಏಕೆ ನಡೆಯುತ್ತಿಲ್ಲ, ಹುಡುಕು’ ಎಂದು ಮಗುವಿಗೆ ಹೇಳುವ ಪಾಠ ನಾನು ಕಂಡ ಪುಸ್ತಕಗಳಲ್ಲಿಲ್ಲ. ಪ್ರತಿ ಶಾಲೆಯ ಮೂಲೆಯಲ್ಲೂ ಕೆಟ್ಟ ಕಂಪ್ಯೂಟರುಗಳು ದೂಳು ಹಿಡಿದು ಬಿದ್ದಿರುವಾಗ ಪಾಠೋಪಕರಣಕ್ಕಂತೂ ಕೊರತೆಯಿಲ್ಲ. ಅವುಗಳಲ್ಲಿ ಎಷ್ಟು ನಿಜವಾಗಿ ಕೆಟ್ಟಿವೆಯೋ, ಅದನ್ನೂ ಮಕ್ಕಳೇ ಕಂಡುಹಿಡಿಯಲಿ.

ಕನ್ನಡದಲ್ಲಿ ಅಕ್ಷರ ಮೂಡಿಸುವ ತಂತ್ರಾಂಶಕ್ಕಾಗಿ ನಾವು ಹೋರಾಡಿದ್ದೇವೆ, ಗೆದ್ದೂ ಇದ್ದೇವೆ. ಯಂತ್ರ ಕೈಕೊಟ್ಟಾಗ ಅದು ಏನು ಹೇಳುತ್ತಿದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ, ಹತ್ತು ಪುಟದ ಒಂದು ಕೈಪಿಡಿಯನ್ನು ಬಿಡಿಭಾಗ ಮಾರುವವರ ಸಂಘವೋ, ಪಾಲಿಟೆಕ್ನಿಕ್ಕುಗಳೋ ಹೊರತರಲಾಗದೇ?

ಹುಡುಗ ತನ್ನ ಮಟ್ಟಿಗೆ ಒಂದು ಕೈಪಿಡಿ ಮಾಡಿಕೊಂಡಿದ್ದಾನೆ. ಪೆಟ್ಟಿಗೆಯ ಪಕ್ಕದ ಮುಚ್ಚಳದ ಒಳಮೈಗೆ ಒಂದು ಹಾಳೆ ಅಂಟಿಸಿ, ಯಾವ ಕಿಂಡಿಯಲ್ಲಿ ಯಾವ ಡಿಸ್ಕ್, ಬಯಾಸಿನಲ್ಲಿ ಏನು ಬದಲಿಸಿದ್ದು, ಡ್ರೈವರ್ ಕಡತದ ಹೆಸರೇನು, ಎಲ್ಲವನ್ನೂ ತಾರೀಖಿನೊಡನೆ ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿದ್ದಾನೆ. ಕೊನೆಯ ಸಾಲು ನನ್ನ ಒತ್ತಾಯಕ್ಕೆ ಸೇರಿಸಿದ್ದು: ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು.