ಗ್ರಾಮಚರಿತ್ರೆಯೂ ಶಾಲೆಗಳ ಹೊಣೆಯೂ

ಗಂಗೆಯ ಉಗಮಸ್ಥಾನವನ್ನೂ ಥೇಮ್ಸ್ ನದಿಯ ದಡದ ನಗರವನ್ನೂ ತಡವರಿಸದೆ ಹೇಳಬಲ್ಲ ವಿದ್ಯಾರ್ಥಿಯು, ತನ್ನೂರ ಹಳ್ಳದ ನೀರು ಯಾವ ಕಡಲನ್ನು ಸೇರುವುದೆಂದು ಕೇಳಿದರೆ ಮೌನ ತಾಳುತ್ತಾನೆ. ಇದು ಅವನ ಅಪರಾಧವಲ್ಲ. ಅದನ್ನು ತಿಳಿಸುವ ಪುಸ್ತಕ ಅವನ ಕೈಗೆ ಬಂದಿಲ್ಲ.

ಸಕಲೇಶಪುರ ತಾಲ್ಲೂಕಿನಲ್ಲಿ ಬಿಸಿಲೆಯ ಕಡೆಗೆ ಸಾಗುವ ಹಾದಿಯಲ್ಲಿ ಮಂಕನಹಳ್ಳಿ ಎಂಬ ಪುಟ್ಟ ಗ್ರಾಮವಿದೆ. ಅಲ್ಲಿಯ ಬೆಟ್ಟದ ಏಣಿನ ಮೇಲೆ ನಿಂತಿರುವ ಗುರುತುಗಲ್ಲು ಒಂದು ಕಡೆಗೆ ಬಂಗಾಳಕೊಲ್ಲಿಯನ್ನೂ ಇನ್ನೊಂದು ಕಡೆಗೆ ಅರಬ್ಬೀ ಸಮುದ್ರವನ್ನೂ ಸೂಚಿಸುತ್ತದೆ. ಮೂಡಲಿಗೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಗೊರೂರಿನ ಜಲಾಶಯವನ್ನು ಹಾದು, ಕಾವೇರಿಯೊಡನೆ ಪೂರ್ವಸಮುದ್ರಕ್ಕೆ ಹರಿಯುತ್ತದೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆಯಲ್ಲಿ ಬೆರೆತು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಬಳಿ ಪಶ್ಚಿಮಸಮುದ್ರವನ್ನು ಮುಟ್ಟುತ್ತದೆ. ಇಂತಹ ಭೂಗೋಳಪಾಠ ಊರ ಬಾಗಿಲಲ್ಲೇ ಇರಲು, ನಕಾಶೆಯೊಂದನ್ನೇ ನೆಚ್ಚುವುದು ತರವೇ?

ಚರಿತ್ರೆಯ ಸಂಪತ್ತೂ ಕಡಿಮೆಯದಲ್ಲ. ಈ ನಾಡು ಹಿಂದೆ ಬಲಂ ಸೀಮೆ ಎನಿಸಿತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದನು. ಮಂಜು ಕವಿದ ನೆಲವಾದ್ದರಿಂದ ಮಂಜರಾಬಾದ್ ಎಂದು ಹೆಸರಿಟ್ಟನೆಂಬುದು ಜನಶ್ರುತಿ. ಕಂಪನಿಯ ಸೇನೆಗೆ ಎದುರಾಗಿ ನಿಂತ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಗಲ್ಲಿಗೇರಿಸಲಾಯಿತು. ಬಳಿಕ ಕಾಫಿತೋಟಗಳು ಬೆಟ್ಟಗಳ ಮೈಯನ್ನೇ ಮಾರ್ಪಡಿಸಿದವು.

ಇವೆಲ್ಲ ಗೆಜೆಟಿಯರುಗಳಲ್ಲಿ ಇವೆಯಲ್ಲ, ಗ್ರಾಮಚರಿತ್ರೆ ಬೇರೆ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಗೆಜೆಟಿಯರು ಸೀಮೆಯನ್ನು ನೋಡುತ್ತದೆ, ಊರನ್ನಲ್ಲ. ಗದ್ದೆಬಯಲಿನ ಹೆಸರುಗಳು, ದೇವರಕಾಡಿನ ಮೇರೆ, ಸುಗ್ಗಿಹಬ್ಬದ ಕಟ್ಟಳೆ, ಹಳೆಯ ಕಾಲುದಾರಿ ಇವು ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿವೆ. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ನೆನೆಯಬಹುದು. 1936ರಲ್ಲಿ ಡಾ. ಎಂ. ಎಚ್. ಕೃಷ್ಣರ ಕಣ್ಣಿಗೆ ಬೀಳುವವರೆಗೆ, ಕನ್ನಡದ ಪ್ರಾಚೀನತೆಗೆ ಸಾಕ್ಷಿಯಾದ ಆ ಶಿಲಾಶಾಸನದ ಬೆಲೆಯನ್ನು ನಾಡು ಅರಿತಿರಲಿಲ್ಲ. ಕಣ್ಣೆದುರಿನ ಕಲ್ಲನ್ನು ಓದುವವರಿಲ್ಲದಿದ್ದರೆ ಅದು ಬರಿಯ ಕಲ್ಲೇ.

ಕಾಲವಂತೂ ಕಾಯುವುದಿಲ್ಲ. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಆಲೂರಿನ ಕಡೆಯ ಹಳ್ಳಿಗಳು ಮುಳುಗಿದವು. ನೆಲದೊಡನೆ ನೆಲದ ಹೆಸರುಗಳೂ ಮುಳುಗಿದವು. ಪಡುವಲಿಗೆ ಹರಿಯುತ್ತಿದ್ದ ಎತ್ತಿನಹೊಳೆಯ ನೀರನ್ನು ಮೇಲೆತ್ತಿ ಮೂಡಲ ಬಯಲುಸೀಮೆಗೆ ಸಾಗಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲೇ ಚಾಲನೆ ದೊರೆಯಿತು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಪಡುವಣ ಹೊಳೆಗಳ ಕುರಿತ ಆತಂಕವೂ ಸುಳ್ಳಲ್ಲ. ಪ್ರಕೃತಿ ಎಳೆದ ಗೆರೆಯನ್ನು ಯಂತ್ರವು ದಾಟುತ್ತಿರುವಾಗ, ಮೊದಲಿನ ಸ್ಥಿತಿ ಬರಹದಲ್ಲಿ ಇಲ್ಲದಿದ್ದರೆ ಲಾಭನಷ್ಟಗಳನ್ನು ಮುಂದಿನವರು ಯಾವ ಅಳತೆಗೋಲಿನಿಂದ ಅಳೆಯಬೇಕು?

ಆದುದರಿಂದ ಪ್ರತಿ ಪ್ರೌಢಶಾಲೆಯೂ ವರ್ಷಕ್ಕೊಂದು ಹಳ್ಳಿಯನ್ನು ಆರಿಸಿಕೊಳ್ಳಲಿ. ಉಪಾಧ್ಯಾಯರು ದಾರಿ ತೋರಿಸಲಿ. ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ, ಹಳ್ಳ ಕೆರೆ ವೀರಗಲ್ಲುಗಳನ್ನು ಕಂಡು ಬರೆದಿಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ನೆನಪುಗಳನ್ನು ಕೂಡಿಸಲಿ. ದಾನಿಗಳು ಮುದ್ರಣದ ವೆಚ್ಚವನ್ನು ವಹಿಸಲಿ. ಕಟ್ಟಡಕ್ಕೆ ನೀಡಿದ ದಾನ ಕಣ್ಣಿಗೆ ಕಾಣುತ್ತದೆ. ಇಂತಹ ಪುಸ್ತಕಕ್ಕೆ ನೀಡಿದ್ದು ತಲೆಮಾರುಗಳ ನೆನಪಿನಲ್ಲಿ ನಿಲ್ಲುತ್ತದೆ. ತನ್ನೂರನ್ನು ಅರಿತವನೇ ನಾಡನ್ನು ಅರಿಯಬಲ್ಲನು.