‘ಹುಷಾರು’ ಎನ್ನುವುದು ಸುರಕ್ಷತೆಯಲ್ಲ

ಮನೆಯಲ್ಲಿ ಯಾರಾದರೂ ಡ್ರಿಲ್ಲಿಂಗ್ ಮೆಷಿನ್ನನ್ನೋ ಕಟಿಂಗ್ ಮೆಷಿನ್ನನ್ನೋ ಕೈಗೆತ್ತಿಕೊಂಡರೆ ಒಳಗಿನಿಂದ ಒಂದು ಮಾತು ಬಂದೇ ಬರುತ್ತದೆ: ‘ಹುಷಾರು’. ಕೆಲಸ ಮಾಡುವವರು ‘ಹ್ಞೂಂ’ ಎನ್ನುತ್ತಾರೆ. ಅಲ್ಲಿಗೆ ನಮ್ಮ ಮನೆಗಳ ಸುರಕ್ಷತಾ ತರಬೇತಿ ಮುಗಿಯುತ್ತದೆ. ಬೆರಳಿಗೆ ಏಟಾದ ಮೇಲೂ ಅದೇ ಪದ ತಿರುಗಿ ಬರುತ್ತದೆ: ‘ಸ್ವಲ್ಪ ಹುಷಾರಾಗಿ ಇರಬಾರದಿತ್ತೇ?’ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಈ ಪದದ ಮೇಲಿನ ನಂಬಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹುಷಾರು ಒಳ್ಳೆಯ ಗುಣವೇ. ಆದರೆ ಅದು ಸುರಕ್ಷತಾ ಸಾಧನವಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಊರುಗಳಲ್ಲಿ ‘ಕಟಿಂಗ್ ಮೆಷಿನ್’ ಎಂದೇ ಕರೆಯುವ ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಅದರ ಡಿಸ್ಕ್‌ನ ಅಂಚು ಗಂಟೆಗೆ 200 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಅಪಾಯವನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಳ್ಳಲು ಆರೋಗ್ಯವಂತ ಯುವಕನಿಗೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಬೇಕು. ಅಷ್ಟರಲ್ಲಿ ಡಿಸ್ಕ್ 36 ಸುತ್ತು ಮುಗಿಸಿರುತ್ತದೆ. ಮಿದುಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಬೆರಳಿನ ಕತೆ ಮುಗಿದಿರುತ್ತದೆ. ಈ ಓಟದಲ್ಲಿ ಹುಷಾರು ಗೆಲ್ಲುವುದಾದರೂ ಹೇಗೆ?

ಇದು ಬರೀ ಪುಸ್ತಕದ ಲೆಕ್ಕವಲ್ಲ. ನನ್ನ ಸೋದರಮಾವ ಬಡಗಿ. ಮನೆಯ ಹಿಂದೆ ತಗಡಿನ ಶೀಟು ಹಾಕಿಕೊಂಡು ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದರು. ಇಪ್ಪತ್ತೈದು ವರ್ಷದ ಅನುಭವ. ಕುಡಿತವಿಲ್ಲ, ಅವಸರದ ಸ್ವಭಾವವೂ ಅಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಚೌಕಟ್ಟಿನ ಮೂಲೆ ಕೊಯ್ಯುತ್ತಿದ್ದರು. ಬ್ಲೇಡ್ ಮರದ ಗಂಟಿಗೆ ಸಿಕ್ಕಿಕೊಂಡಿತು, ಮೆಷಿನ್ ಒದ್ದುಕೊಂಡು ಹಿಂದಕ್ಕೆ ಹಾರಿತು. ಎಡಗೈಯ ತೋರುಬೆರಳು ಎರಡನೇ ಗೆಣ್ಣಿನವರೆಗೆ ಹೋಯಿತು. ಮಾವ ಈಗಲೂ ಕೆಲಸ ಮಾಡುತ್ತಾರೆ. ಆದರೆ ಉಳಿ ಹಿಡಿಯುವ ಕೈ ಮೊದಲಿನಂತಿಲ್ಲ. ಕೆತ್ತನೆಯ ಕೆಲಸ ಬಂದರೆ ಬೇರೆಯವರಿಗೆ ಕಳುಹಿಸುತ್ತಾರೆ. ಚಳಿಗಾಲದಲ್ಲಿ ಇಲ್ಲದ ಬೆರಳು ನೋಯುತ್ತದೆ ಎನ್ನುತ್ತಾರೆ. ‘ಹುಷಾರು’ ಎಂಬ ಪದಕ್ಕೆ ಒಬ್ಬ ಮನುಷ್ಯನನ್ನು ಉದಾಹರಣೆ ಕೊಡು ಎಂದರೆ ನಾನು ಅವರನ್ನೇ ತೋರಿಸುತ್ತಿದ್ದೆ.

ಹಾಗಾದರೆ ತಪ್ಪಿದ್ದು ಎಲ್ಲಿ? ಆ ಗ್ರೈಂಡರ್‌ಗೆ ಗಾರ್ಡ್ ಇರಲಿಲ್ಲ. ಡಬ್ಬಿಯಿಂದ ತೆಗೆದ ದಿನವೇ ಬಿಚ್ಚಿ ಮೂಲೆಗೆ ಎಸೆಯಲಾಗಿತ್ತು. ನಮ್ಮ ಸುತ್ತಲಿನ ಫ್ಯಾಬ್ರಿಕೇಷನ್ ಅಂಗಡಿ, ಮನೆ ಕಟ್ಟುವ ಜಾಗ ಎಲ್ಲಿ ನೋಡಿದರೂ ಇದೇ ಕತೆ. ‘ಅಡ್ಡ ಬರುತ್ತೆ’ ಎನ್ನುವುದು ಒಂದು ಕಾರಣ. ನಾಲ್ಕು ಇಂಚಿನ ಮೆಷಿನ್‌ಗೆ ಐದು ಇಂಚಿನ ಡಿಸ್ಕ್ ತೂರಿಸುವುದು ಇನ್ನೊಂದು ಕಾರಣ. ದೊಡ್ಡ ಡಿಸ್ಕ್‌ಗೆ ಎಷ್ಟು ವೇಗ ತಡೆಯುತ್ತದೆ ಎಂಬುದು ಅದರ ಮೇಲೇ ಅಚ್ಚಾಗಿರುತ್ತದೆ. ಅದಕ್ಕಿಂತ ಹೆಚ್ಚು ವೇಗದಲ್ಲಿ ತಿರುಗಿಸಿದರೆ ಡಿಸ್ಕ್ ಒಡೆದು ಚೂರುಗಳು ಹಾರಬಹುದು. ಅದನ್ನು ತಡೆಯಬೇಕಾದ ಗಾರ್ಡ್ ಮೂಲೆಯಲ್ಲಿ ಬಿದ್ದಿರುತ್ತದೆ. ಗ್ರೈಂಡರ್ ಇರುವುದು ಲೋಹ, ಕಲ್ಲು, ಟೈಲ್ಸ್‌ಗೆ. ಮರಕ್ಕೆ ಬೇರೆ ಗರಗಸವಿದೆ. ಆದರೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮೊಬೈಲ್‌ನಲ್ಲೇ ಬುಕ್ ಮಾಡಿದರೆ ಮನೆಗೆ ಬರುವ ಒಂದು ಮೆಷಿನ್‌ನಿಂದ ಎಲ್ಲ ಕೆಲಸ ತೆಗೆಯುವುದು ನಮಗೆ ಜಾಣತನವಾಗಿ ಕಾಣುತ್ತದೆ. ಗಾರ್ಡ್ ಇಲ್ಲದ ಗ್ರೈಂಡರ್ ಹಿಡಿದು ಕಿಡಿ ಹಾರಿಸುವ ರೀಲ್ಸ್‌ಗಳಿಗೆ ಲೈಕ್ ಒತ್ತುವವರೂ ನಾವೇ.

ಕಾರ್ಖಾನೆಗಳು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿವೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ‘ಕಾರ್ಮಿಕರೇ, ಹುಷಾರಾಗಿರಿ’ ಎಂದು ಹೇಳಿ ಸುಮ್ಮನಾಗಲಿಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಗಟ್ಟಿಯಾದ ತಡೆ ಇರಲೇಬೇಕು ಎಂದಿತು. ಮನುಷ್ಯನ ಗಮನ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು ಬರೆದ ಕಾನೂನು ಅದು. ಇನ್ನೂ ಹಳೆಯದಾದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ದುಡಿಯುವ ಸಾಮರ್ಥ್ಯದಲ್ಲಿ ಶೇ 30 ನಷ್ಟ, ಪೂರ್ತಿ ತೋರುಬೆರಳಿಗೆ ಶೇ 14, ನಡುಬೆರಳಿಗೆ ಶೇ 12, ಉಂಗುರ ಬೆರಳಿಗೋ ಕಿರುಬೆರಳಿಗೋ ಶೇ 7. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಅಲ್ಲಿ ಬೆರಳಿಗೊಂದು ಬೆಲೆಯಾದರೂ ಇದೆ. ಮನೆಯ ಹಿಂದಿನ ಶೀಟಿನ ಕೆಳಗೆ ಮಾಲೀಕನೂ ನಾವೇ, ಕಾರ್ಮಿಕನೂ ನಾವೇ. ಅಲ್ಲಿ ತಪಾಸಣೆಗೆ ಬರುವವರಿಲ್ಲ, ಬೆರಳು ಹೋದರೆ ಪರಿಹಾರ ಕೊಡುವವರೂ ಇಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದು ದೂರದ ವಿಷಯವಲ್ಲ. ಸೇನೆ, ಪೊಲೀಸ್, ರೈಲ್ವೆ ನೇಮಕಾತಿಯಲ್ಲಿ ದೈಹಿಕ ಅರ್ಹತೆ ನೋಡುವಾಗ ಕೈಬೆರಳನ್ನೂ ನೋಡುತ್ತಾರೆ. ಸ್ವಂತ ಉದ್ಯೋಗ ಮಾಡುವವರಿಗಂತೂ ಕೈಯೇ ಬಂಡವಾಳ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ತರಬೇತಿಯ ಜೊತೆಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು ಕೊಡುತ್ತದೆ. ಒಳ್ಳೆಯದೇ. ಆ ತರಬೇತಿಯಲ್ಲಿ ಒಂದು ಪೂರ್ತಿ ದಿನವನ್ನು ಕೈ ಉಳಿಸಿಕೊಳ್ಳುವ ಪಾಠಕ್ಕೇ ಮೀಸಲಿಡಬೇಕು ಎಂಬುದು ನನ್ನ ಒತ್ತಾಯ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ನಿಜ. ಆದರೆ ಅದಕ್ಕೆ ಕೈ ಇರಬೇಕಲ್ಲ!

‘ಗಾರ್ಡ್ ಇದ್ದರೆ ಕೆಲಸ ನಿಧಾನ, ಗಿರಾಕಿ ಕಾಯುವುದಿಲ್ಲ’ ಎಂದು ಮಾವನ ಗೆಳೆಯರು ವಾದಿಸುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಕಟ್ ಮಾಡುವ ಗೆರೆ ಕಾಣದಿದ್ದಾಗ ಕಿರಿಕಿರಿ ಆಗುವುದು ನಿಜ. ಆದರೆ ಸ್ಪ್ಯಾನರ್ ತಗೊಂಡು ಗಾರ್ಡನ್ನು ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಲು ಒಂದು ನಿಮಿಷ ಸಾಕು. ಮಾವ ಕೆಲಸವಿಲ್ಲದೆ ಕೂತಿದ್ದು ಐದು ತಿಂಗಳು.

ಕೈಯನ್ನು ಕಾಪಾಡಬೇಕಾದ್ದು ಗಮನವಲ್ಲ, ಜೋಡಣೆ. ಅದಕ್ಕೆ ಬೇಕಾದವು ದುಬಾರಿಯೂ ಅಲ್ಲ. ಕೊಯ್ಯುವ ವಸ್ತುವನ್ನು ಕಾಲಲ್ಲಿ ಒತ್ತಿಕೊಳ್ಳದೆ, ಇನ್ನೊಂದು ಕೈಯಲ್ಲಿ ಹಿಡಿಯದೆ ಸಿ-ಕ್ಲ್ಯಾಂಪ್‌ನಿಂದ ಬಿಗಿಯಿರಿ. ಆಗ ಎರಡೂ ಕೈ ಮೆಷಿನ್ ಮೇಲೆಯೇ ಇರುತ್ತವೆ. ಮೆಷಿನ್ ಹಿಡಿದಿರುವ ಕೈಯನ್ನು ಅದೇ ಮೆಷಿನ್ ಕೊಯ್ಯುವುದು ಕಷ್ಟ. ಗರಗಸದ ಮೇಜಿನಲ್ಲಿ ಕೊನೆಯ ತುಂಡನ್ನು ಬೆರಳಿನಿಂದ ತಳ್ಳಬೇಡಿ, ರದ್ದಿ ಮರದ ಕೋಲಿನಿಂದ ತಳ್ಳಿ. ಡಿಸ್ಕ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಕರೆಂಟ್ ಹೋದ ಕೂಡಲೇ ಕೂಡ ಪ್ಲಗ್ ಕೀಳಿ. ಸ್ವಿಚ್ ಲಾಕ್ ಆಗಿ ಉಳಿದಿದ್ದರೆ ಕರೆಂಟ್ ಬಂದ ಕ್ಷಣ ಮೆಷಿನ್ ತಾನಾಗಿಯೇ ತಿರುಗಲು ಶುರುವಾಗುತ್ತದೆ. ನಮ್ಮ ಊರುಗಳಲ್ಲಿ ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಇನ್ನು ಡ್ರಿಲ್, ಲೇತ್ ಮುಂದೆ ಸಡಿಲವಾದ ಬಟ್ಟೆಯ ಗ್ಲೌಸ್ ಬೇಡವೇ ಬೇಡ. ತಿರುಗುವ ಬಿಟ್‌ಗೆ ಒಂದು ಎಳೆ ಸಿಕ್ಕರೂ ಅದು ಕೈಯನ್ನೇ ಒಳಗೆಳೆಯುತ್ತದೆ. ಉಂಗುರ, ವಾಚು, ದೇವಸ್ಥಾನದ ದಾರ ಎಲ್ಲದಕ್ಕೂ ಇದೇ ಮಾತು.

ಇಷ್ಟಾದರೂ ಏಟಾದರೆ? ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ, ಬಾವು ಬರುವ ಮೊದಲು ಉಂಗುರ ತೆಗೆಯಿರಿ, 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಮೇಲಿಡಿ. ಬೆರಳನ್ನು ನೇರವಾಗಿ ಐಸ್‌ನಲ್ಲಿ ಹಾಕಿದರೆ ಅಂಗಾಂಶ ಸಾಯುತ್ತದೆ. ಮಾವನ ಬೆರಳನ್ನು ಯಾರೋ ಬರೀ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ.

ಈ ಕೆಲಸದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಪಾಲಿದೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು ಭೌತಶಾಸ್ತ್ರ ಓದಿದ ವಕೀಲ, ಹವ್ಯಾಸಕ್ಕೆ ಮರಗೆಲಸ. ಬೆರಳು ತಾಗಿದ್ದನ್ನು ವಿದ್ಯುತ್ ಸಂಕೇತದಿಂದಲೇ ಗುರುತಿಸಿ ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲುವ ಗರಗಸವನ್ನು ಅವರು ರೂಪಿಸಿದರು. ‘ಸಾಸ್ಟಾಪ್’ ಹೆಸರಿನ ಆ ಯಂತ್ರ ಮನುಷ್ಯನ ಕೈಗಿಂತ ನಲವತ್ತು ಪಟ್ಟು ಬೇಗ ಎಚ್ಚೆತ್ತುಕೊಳ್ಳುತ್ತದೆ. ಅದು ದುಬಾರಿ, ನಮ್ಮ ಬಡಗಿಗಳ ಕೈಗೆಟುಕದು. ಆದರೆ ಕಾಲು ತೆಗೆದರೆ ನಿಲ್ಲುವ ಪೆಡಲ್ ಸ್ವಿಚ್, ಕರೆಂಟ್ ಬಂದಾಗ ತಾನಾಗಿ ಚಾಲೂ ಆಗದ ಪ್ಲಗ್ ಬಾಕ್ಸ್, ಇವನ್ನು ಕಡಿಮೆ ಖರ್ಚಿನಲ್ಲಿ ಮಾಡಿ ಊರಿನ ಅಂಗಡಿಗೆ ಕೊಡಲು ನಮ್ಮಿಂದ ಆಗದೇ? ಪ್ರತಿ ವರ್ಷ ಒಂದೇ ಬಗೆಯ ಫೈನಲ್ ಇಯರ್ ಪ್ರಾಜೆಕ್ಟ್‌ಗಳನ್ನು ಮಾಡಿ ಕಪಾಟಿಗೆ ಸೇರಿಸುವ ಬದಲು ಇದನ್ನು ಮಾಡಬಹುದು. ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಶೂ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಸುರಕ್ಷತಾ ನಿಯಮಗಳನ್ನು ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಬರೆದು ವೈವಾದಲ್ಲಿ ಒಪ್ಪಿಸಿ ಅಂಕ ಪಡೆಯುತ್ತೇವೆ. ಆ ಪುಟ ನಮ್ಮ ಜೊತೆ ಬಸ್ ಹತ್ತಿ ಊರಿಗೂ ಬರಬೇಕು.

ಆಯುಧಪೂಜೆಗೆ ನಾವು ಸುತ್ತಿಗೆಯಿಂದ ಹಿಡಿದು ವೆಲ್ಡಿಂಗ್ ಮೆಷಿನ್‌ವರೆಗೆ ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ಈ ಸಲ ಕುಂಕುಮ ಹಚ್ಚುವ ಮೊದಲು ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಆ ಗಾರ್ಡನ್ನು ಹುಡುಕಿ, ಒರೆಸಿ, ಮೆಷಿನ್‌ಗೆ ಬಿಗಿಯಿರಿ. ಕಳೆದುಹೋಗಿದ್ದರೆ ಹೊಸದನ್ನು ತನ್ನಿ. ಹಬ್ಬದ ದಿನ ತೆರೆದಿರುವ ಹಾರ್ಡ್‌ವೇರ್ ಅಂಗಡಿ ಊರಿಗೊಂದಾದರೂ ಇರುತ್ತದೆ.