ಹುಲಿಯ ಲೆಕ್ಕವೂ ಗಣಕದ ಕಾವೂ

ಶಿವರಾತ್ರಿ ಕಳೆದು ಬೇಸಗೆ ಬಲಿಯುವ ಹೊತ್ತಿಗೆ ಬಂಡೀಪುರದ ಕಾಡು ತನ್ನ ಹಸಿರುಡುಗೆಯನ್ನು ಕಳಚಿಟ್ಟಿರುತ್ತದೆ. ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದವರಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಎಲೆಯುದುರಿದ ಮತ್ತಿ, ದಿಂಡಿಗ, ತೇಗಗಳ ಬೋಳು ಕೊಂಬೆಗಳು. ಅವುಗಳ ಕೆಳಗೆ ಒಣಗಿ ಕಡ್ಡಿಯಾದ ಲಂಟಾನದ ಪೊದೆಗಳು. ಅಂಥದೊಂದು ಮಧ್ಯಾಹ್ನ, ಇದ್ದಷ್ಟು ನೆರಳಿನಲ್ಲಿ ಮೈಸೇರಿಸಿ ನಿಂತ ಆನೆಗಳ ಹಿಂಡನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ದೇಹವೆಲ್ಲ ಬಂಡೆಯಂತೆ ನಿಶ್ಚಲವಾಗಿದ್ದರೂ ಕಿವಿಗಳು ಮಾತ್ರ ಬಿಡುವಿಲ್ಲದೆ ಬೀಸುತ್ತಲೇ ಇರುತ್ತವೆ.

ನೊಣ ಓಡಿಸುವುದಕ್ಕೆಂದು ಮಕ್ಕಳು ಹೇಳುತ್ತಾರೆ. ಅದೂ ಸುಳ್ಳಲ್ಲ, ಆದರೆ ಮುಖ್ಯ ಕಾರಣ ಬೇರೆ. ಆನೆಗೆ ಉಗುರುಗಳ ಸುತ್ತಿನ ಸ್ವಲ್ಪ ಜಾಗವನ್ನು ಬಿಟ್ಟರೆ ಬೆವರಿನ ಗ್ರಂಥಿಗಳೇ ಇಲ್ಲ. ಅಷ್ಟು ದೊಡ್ಡ ಒಡಲಿನೊಳಗೆ ಹುಟ್ಟುವ ಶಾಖವು ಹೊರಹೋಗಲು ಚರ್ಮದ ಹರವು ಸಾಲದು. ಆದುದರಿಂದ ಪ್ರಕೃತಿ ಅದಕ್ಕೆ ಎರಡು ಮೊರಗಳನ್ನು ಕೊಟ್ಟಿದೆ. ಕಿವಿಯ ತೆಳುವಾದ ಚರ್ಮದಡಿಯಲ್ಲಿ ರಕ್ತನಾಳಗಳು ಬಲೆಯಂತೆ ಹರಡಿವೆ. ಒಡಲ ಬಿಸಿ ರಕ್ತ ಅಲ್ಲಿಗೆ ಬಂದು, ಬೀಸುವ ಗಾಳಿಗೆ ತನ್ನ ಕಾವನ್ನು ಒಪ್ಪಿಸಿ, ತುಸು ತಣಿದು ಹಿಂದಿರುಗುತ್ತದೆ.

ಅದೇ ಕಾಡಿನ ಲೆಕ್ಕಪತ್ರ ಬರೆಯುವ ಕಚೇರಿಯ ಕೋಣೆಯಲ್ಲಿಯೂ ಒಂದು ಕಿವಿ ಹೀಗೆಯೇ ಬೀಸುತ್ತಿರುತ್ತದೆ. ಗಣಕಯಂತ್ರದ ಪೆಟ್ಟಿಗೆಯೊಳಗೆ, ಅದರ ಮೆದುಳೆನಿಸಿದ ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆಯ ಮೇಲೆ, ಅಲ್ಯೂಮಿನಿಯಮ್ ಅಥವಾ ತಾಮ್ರದ ತೆಳು ಹಲಗೆಗಳ ಒಂದು ಕಟ್ಟು. ಅದರ ನೆತ್ತಿಯಲ್ಲಿ ತಿರುಗುವ ಪುಟ್ಟ ಪಂಖ. ಹಲಗೆಗಳು ಆನೆಯ ಕಿವಿಯಂತೆ ಹರವನ್ನು ಹೆಚ್ಚಿಸುತ್ತವೆ; ಪಂಖ ಗಾಳಿಯನ್ನು ಬೀಸುತ್ತದೆ. ಈ ಬೀಸಣಿಗೆ ನಿಂತರೆ ಹುಲಿಯ ಲೆಕ್ಕ ನಿಂತಂತೆ.

ಹುಲಿಗೂ ಗಣಕಕ್ಕೂ ಎತ್ತಣ ನಂಟು ಎಂದು ಕೇಳಬಹುದು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಆಗ ಹುಲಿಗಳನ್ನು ಎಣಿಸುತ್ತಿದ್ದುದು ನೆಲದ ಮೇಲೆ ಮೂಡಿದ ಹೆಜ್ಜೆಗಳನ್ನು ಗಾಜಿನ ಮೇಲೆ ನಕಲು ಮಾಡಿಕೊಂಡು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ. ಆ ಲೆಕ್ಕದ ಮೇಲೆ ಭರವಸೆಯಿಡದವರಲ್ಲಿ ಪ್ರಮುಖರು ಡಾ. ಉಲ್ಲಾಸ ಕಾರಂತರು. ಸುರತ್ಕಲ್ಲಿನ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಕಲಿತ ಎಂಜಿನಿಯರ್ ಹುಲಿಯ ಬೆನ್ನು ಹತ್ತಿದ ಕಥೆಯೇ ಬೇರೆ, ಇಲ್ಲಿ ಹೇಳಬೇಕಾದುದಿಷ್ಟು. ೧೯೯೦ರ ದಶಕದ ಮೊದಲಲ್ಲಿ ಅವರು ನೆರೆಯ ನಾಗರಹೊಳೆಯಲ್ಲಿ, ಪ್ರಾಣಿ ಎದುರು ಹಾಯ್ದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡುದಾರಿಯ ಮರಗಳಿಗೆ ಕಟ್ಟಿ, ಪಟ್ಟೆಗಳಿಂದ ಹುಲಿಹುಲಿಯನ್ನೂ ಗುರುತಿಸಿ, ೧೯೯೫ರಲ್ಲಿ ಆ ವಿಧಾನವನ್ನು ಲೋಕದ ಮುಂದಿಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈಯ ಪಟ್ಟೆ ಬಲಮೈಗಿಲ್ಲ. ಆದುದರಿಂದಲೇ ದಾರಿಯ ಎರಡು ಬದಿಗಳಲ್ಲಿಯೂ ಎದುರುಬದುರಾಗಿ ಜೋಡಿ ಕ್ಯಾಮೆರಾ.

ಇದು ದೇಶವ್ಯಾಪಿಯಾದಾಗ ಏನಾಯಿತು ನೋಡಿ. ೨೦೧೮ರ ಅಖಿಲ ಭಾರತ ಗಣತಿಯಲ್ಲಿ ೨೬,೮೩೮ ತಾಣಗಳಲ್ಲಿ ಕ್ಯಾಮೆರಾಗಳನ್ನಿಟ್ಟರು. ಬಂದ ಚಿತ್ರಗಳು ೩,೪೮,೫೮,೬೨೩. ಮೂರೂವರೆ ಕೋಟಿಗೆ ಸ್ವಲ್ಪ ಕಡಮೆ! ಅವುಗಳಲ್ಲಿ ಹುಲಿಯವು ೭೬,೬೫೧ ಮಾತ್ರ. ಮಿಕ್ಕುವು ಚಿರತೆ, ಜಿಂಕೆ, ಕಡವೆ, ಹಂದಿ, ದನ, ಗಾಳಿಗೆ ತೊನೆದ ಹುಲ್ಲು. ಒಬ್ಬ ಗುಮಾಸ್ತ ಒಂದು ಚಿತ್ರಕ್ಕೆ ಐದೇ ಸೆಕೆಂಡು ಕೊಟ್ಟು, ದಿನಕ್ಕೆ ಎಂಟು ತಾಸಿನಂತೆ ಕುಳಿತರೂ ಹದಿನಾರು ವರ್ಷ ಮೀರಿ ಹಿಡಿಯುವ ಕೆಲಸವದು. ಜೊಳ್ಳನ್ನು ತೂರಿ ಕಾಳನ್ನು ಆರಿಸಿದ್ದು ಗಣಕ. ಹುಲಿಯ ಚಿತ್ರವನ್ನು ಒಂದು ಬೊಂಬೆಯ ಮೈಮೇಲೆ ಹೊದಿಸಿದಂತೆ ಸರಿಹೊಂದಿಸಿ, ಹಳೆಯ ಪಟ್ಟೆಗಳೊಡನೆ ಹೋಲಿಸಿ, ಇದು ಇಂಥದಿರಬಹುದೆಂದು ಸೂಚಿಸಿದ್ದೂ ಗಣಕವೇ. ಕಡೆಯ ತೀರ್ಪು ಮಾತ್ರ ಮನುಷ್ಯನ ಕಣ್ಣಿನದು. ಬಂಡೀಪುರದ ಹುಲಿಗಳು ೨೦೧೮ರಲ್ಲಿ ೧೨೬, ೨೦೨೨ರಲ್ಲಿ ೧೫೦ ಎಂದು ವರದಿಗಳಲ್ಲಿ ಕಾಣುವ ಅಂಕೆಗಳ ಹಿಂದೆ ಇಷ್ಟೆಲ್ಲ ಇದೆ.

ಇಂಥ ಕೆಲಸಕ್ಕೆ ಕುಳಿತ ಗಣಕ ದಿನಗಟ್ಟಲೆ ಬಿಡುವಿಲ್ಲದೆ ದುಡಿಯುತ್ತದೆ; ದುಡಿದಷ್ಟೂ ಕಾಯುತ್ತದೆ. ಕಾರಣ ಸರಳ. ಬೆರಳ ತುದಿಯಷ್ಟಗಲದ ಬಿಲ್ಲೆಯೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚುತ್ತಿರುತ್ತವೆ. ಪ್ರತಿ ಸಲವೂ ಒಂದಿಷ್ಟು ವಿದ್ಯುತ್ತು ಖರ್ಚು. ಆ ವಿದ್ಯುತ್ತು ಎಲ್ಲಿಗೂ ಮಾಯವಾಗುವುದಿಲ್ಲ, ಅಷ್ಟಕ್ಕಷ್ಟೂ ಶಾಖವಾಗುತ್ತದೆ. ಗೃಹಿಣಿಯರಿಗೆ ತಿಳಿದ ಹೋಲಿಕೆಯೊಂದನ್ನು ಕೊಡುವುದಾದರೆ, ೧,೫೦೦ ವಾಟಿನ ವಿದ್ಯುತ್ ಒಲೆಯ ಗೇಣಗಲದ ತಟ್ಟೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಆರು ವಾಟಿನ ಕಾವು. ನೂರು ವಾಟು ಕುಡಿಯುವ ಪ್ರೊಸೆಸರ್ ಎರಡು ಚದರ ಸೆಂಟಿಮೀಟರಿನಷ್ಟೇ ಇದ್ದರೆ, ಅದೇ ಅಳತೆಯ ಜಾಗದಲ್ಲಿ ಐವತ್ತು ವಾಟು! ಒಲೆಯ ಕೆಲಸವೇ ಕಾಯುವುದು. ಪಾಪ, ಪ್ರೊಸೆಸರಿನ ಕೆಲಸ ಎಣಿಸುವುದು.

ಹಾಗಾದರೆ ಎಷ್ಟರವರೆಗೆ ಕಾಯ್ದರೆ ಕ್ಷೇಮ? ಸಾಮಾನ್ಯವಾಗಿ ಮನೆ–ಕಚೇರಿಗಳ ಗಣಕ ಸುಮ್ಮನಿರುವಾಗ ಪ್ರೊಸೆಸರಿನ ಒಳಗಿನ ಉಷ್ಣತೆ ೩೫ರಿಂದ ೫೦ ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಮೈಮುರಿದು ದುಡಿಯುವಾಗ ೬೫ರಿಂದ ೮೫. ಅಲ್ಲಿಯವರೆಗೆ ಚಿಂತೆಯಿಲ್ಲ. ಮೇಜಿನ ಗಣಕದಲ್ಲಿ ೯೦ ದಾಟಿ ಅಲ್ಲಿಯೇ ನಿಂತರೆ ಪೆಟ್ಟಿಗೆ ಬಿಚ್ಚಿ ನೋಡುವುದೊಳ್ಳೆಯದು. ತೆಳುವಾದ ಮಡಿಲ ಗಣಕಗಳು ಆಗೀಗ ಆ ಮಟ್ಟ ಮುಟ್ಟಿ ಇಳಿಯುವುದು ಅಪರೂಪವಲ್ಲ. ತಯಾರಕರು ಹಾಕಿದ ಕಡೆಯ ಗೆರೆ ಇಂಟೆಲ್ ಕಂಪೆನಿಯ ಬಹುತೇಕ ಕೋರ್ ಪ್ರೊಸೆಸರುಗಳಿಗೆ ೧೦೦ರ ಆಸುಪಾಸು. ಎಎಂಡಿ ಕಂಪೆನಿಯ ೭೦೦೦ ಸರಣಿಯ ಮೇಜಿನ ರೈಜನ್‌ಗಳಲ್ಲಿ ಹೆಚ್ಚಿನವಕ್ಕೆ ೯೫. ಶಾಲಾಮಕ್ಕಳ ಕೈಗೂ ಎಟುಕುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ೮೫.

ಸಿಲಿಕಾನು ಕರಗಬೇಕಾದರೆ ೧,೪೧೪ ಡಿಗ್ರಿ ಬೇಕು. ನೂರಕ್ಕೇ ಏಕೆ ಅಂಜಿಕೆ? ಏಕೆಂದರೆ ಬಿಸಿ ಏರಿದಂತೆ ಮುಚ್ಚಿದ ಟ್ರಾನ್ಸಿಸ್ಟರುಗಳ ಸಂದಿಯಿಂದಲೂ ವಿದ್ಯುತ್ತು ಸೋರತೊಡಗುತ್ತದೆ. ಸೋರಿದ್ದು ಮತ್ತೆ ಶಾಖ. ಶಾಖ ಏರಿದ್ದರಿಂದ ಮತ್ತಷ್ಟು ಸೋರಿಕೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ. ಇದರ ಜೊತೆಗೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಸಪೂರವಾದ ಲೋಹದ ಎಳೆಗಳಲ್ಲಿ ನುಗ್ಗುವ ಎಲೆಕ್ಟ್ರಾನುಗಳು ಲೋಹದ ಕಣಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಬಿಸಿಯಲ್ಲಿ ಈ ಸವೆತ ಬಲು ಬೇಗ. ಹೀಗೆ ಗಣಕ ಇಂದೇ ಸಾಯುವುದಿಲ್ಲ, ಆಯಸ್ಸು ಕುಗ್ಗುತ್ತದೆ.

ಹಿಂದೆ ಇಂದೇ ಸಾಯುವುದೂ ಇತ್ತು. ೨೦೦೧ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ತಾಣದ ಪರೀಕ್ಷಕರು, ಗಣಕ ಓಡುತ್ತಿರುವಾಗಲೇ ಪ್ರೊಸೆಸರಿನ ಮೇಲಿನ ಲೋಹದ ಕಟ್ಟನ್ನು ಕಿತ್ತು ತೋರಿಸಿದರು. ಅಂದಿನ ಅಥ್ಲಾನ್ ಪ್ರೊಸೆಸರ್ ಕ್ಷಣಗಳಲ್ಲಿ ಹೊಗೆಯೆದ್ದು ಸುಟ್ಟುಹೋಯಿತು. ಪೆಂಟಿಯಂ ೪ ಮಾತ್ರ ಕಾವು ಏರಿದ್ದನ್ನು ತಾನೇ ತಿಳಿದು, ಓಟ ಬಿಟ್ಟು ನಡಿಗೆಗಿಳಿದು, ಬದುಕಿಕೊಂಡಿತು. ಈಗ ಎಲ್ಲವೂ ಆ ಜಾಣತನ ಕಲಿತಿವೆ. ಒಳಗೇ ಉಷ್ಣಮಾಪಕವಿದೆ, ಗೆರೆ ಮುಟ್ಟಿದರೆ ವೇಗ ತಗ್ಗುತ್ತದೆ, ಅದಕ್ಕೂ ಬಗ್ಗದಿದ್ದರೆ ಯಂತ್ರ ತಾನೇ ನಂದುತ್ತದೆ. ಬೇಸಗೆಯ ಮಧ್ಯಾಹ್ನ ಗಣಕ ನಿಧಾನವಾಯಿತೆಂದು ಗೊಣಗುವವರು ಅದರ ಮೇಲೆ ಸುಮ್ಮನೆ ಮುನಿಯುತ್ತಾರೆ. ಅದು ಉಸಿರು ಹಿಡಿದುಕೊಂಡು ಜೀವ ಉಳಿಸಿಕೊಳ್ಳುತ್ತಿರುತ್ತದೆ.

ಇಲ್ಲಿ ಕೋಣೆಯ ಸೆಕೆ ಬಂದು ಸೇರುತ್ತದೆ. ಪಂಖವೆಂಬುದು ಸುತ್ತಲ ಗಾಳಿಗಿಂತ ಹೆಚ್ಚು ತಣ್ಣಗೆ ಯಾವುದನ್ನೂ ಮಾಡಲಾರದು. ೨೪ ಡಿಗ್ರಿಯ ಕೋಣೆಯಲ್ಲಿ ೭೪ಕ್ಕೆ ನಿಲ್ಲುವ ಪ್ರೊಸೆಸರ್, ಅಂದರೆ ಗಾಳಿಗಿಂತ ೫೦ ಡಿಗ್ರಿ ಮೇಲಿರುವುದು, ಹೆಂಚಿನ ಮಾಡಿನಡಿಯ ೩೮ ಡಿಗ್ರಿಯ ಕೋಣೆಯಲ್ಲಿ ೮೮ಕ್ಕೆ ಏರುತ್ತದೆ. ಕಾಡಂಚಿನ ಕೆಂಪು ಧೂಳು ಹಲಗೆಗಳ ಸಂದಿಯಲ್ಲಿ ಮೆತ್ತಿಕೊಂಡು ಇನ್ನೊಂದು ಹತ್ತು ಡಿಗ್ರಿ ಸೇರಿಸಿತೆಂದರೆ ೯೮. ಬೆಂಗಳೂರಿನ ತಂಪು ಕೊಠಡಿಯಲ್ಲಿ ಹತ್ತು ವರ್ಷ ಬಾಳಬಹುದಾದ ಯಂತ್ರ ಚಾಮರಾಜನಗರದ ಸೀಮೆಯಲ್ಲಿ ಮೂರು ಬೇಸಗೆಗೇ ಸುಸ್ತಾಯಿತೆಂದರೆ ಅಚ್ಚರಿಪಡಬೇಕಿಲ್ಲ. ದೊಡ್ಡವರಿಗೆ ಬೇರೆ ಉಪಾಯಗಳಿವೆ. ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಗೊಂಡ ‘ಪರಮ್ ಪ್ರವೇಗ’ದಂಥ ಮಹಾಗಣಕಗಳಿಗೆ ಗಾಳಿ ಸಾಲದು, ಅವುಗಳ ಬಿಲ್ಲೆಗಳ ಮಗ್ಗುಲಲ್ಲಿಯೇ ನೀರು ಹರಿಸಿ ಶಾಖ ಸೆಳೆಯುತ್ತಾರೆ. ಮಡುವಿನಲ್ಲಿ ಕುತ್ತಿಗೆಮಟ್ಟ ಕುಳಿತ ಹುಲಿಯ ಉಪಾಯವೂ ಅದೇ.

ಕೋಣೆಯ ಗಣಕ ನಿಂತರೆ ಸಂಜೆ ಮತ್ತೆ ಹಚ್ಚಬಹುದು. ಕಾಡಿನೊಳಗೆ ಹಾಗಲ್ಲ. ಗಸ್ತು ತಿರುಗುವ ಅರಣ್ಯರಕ್ಷಕನ ಜೇಬಿನಲ್ಲಿರುವ ಮೊಬೈಲು ಫೋನೂ ಒಂದು ಗಣಕವೇ. ಹುಲಿ ಪ್ರದೇಶಗಳಲ್ಲಿ ‘ಎಂ-ಸ್ಟ್ರೈಪ್ಸ್’ ಎಂಬ ವ್ಯವಸ್ಥೆ ಅವನು ನಡೆದ ಹಾದಿಯನ್ನೂ ಕಂಡ ಹೆಜ್ಜೆ–ಲದ್ದಿಗಳನ್ನೂ ಆ ಫೋನಿನಲ್ಲಿಯೇ ದಾಖಲಿಸಿಕೊಳ್ಳುತ್ತದೆ. ಆದರೆ ಆಪಲ್ ಕಂಪೆನಿ ತನ್ನ ಫೋನುಗಳನ್ನು ಬಳಸಲು ಹೇಳಿರುವ ಹೊರಗಿನ ಗಾಳಿಯ ಎಲ್ಲೆ ಸೊನ್ನೆಯಿಂದ ೩೫ ಡಿಗ್ರಿ ಮಾತ್ರ. ಒಳಗಿನ ಪ್ರೊಸೆಸರ್ ಎಂಬತ್ತು ತೊಂಬತ್ತು ತಾಳಬಲ್ಲುದಾದರೂ ಪಕ್ಕದಲ್ಲಿರುವ ಲಿಥಿಯಮ್ ಬ್ಯಾಟರಿ ಅಷ್ಟು ತಾಳದು. ಫೋನಿಗೆ ಪಂಖವೂ ಇಲ್ಲ. ಬಿಸಿಲು ನೇರವಾಗಿ ಬಿದ್ದರೆ ಪರದೆ ಮಬ್ಬಾಗಿ, ‘ತಣಿಯಲು ಬಿಡಿ’ ಎಂಬ ಸೂಚನೆ ಮೂಡಿ, ಫೋನು ಮೌನವಾಗುತ್ತದೆ.

ಇದನ್ನು ೨೦೧೯ರ ಫೆಬ್ರವರಿಯ ನೆನಪಿನೊಡನೆ ಇಟ್ಟು ನೋಡಬೇಕು. ಆ ತಿಂಗಳು ಬಂಡೀಪುರದಲ್ಲಿ ಹೊತ್ತಿದ ಬೆಂಕಿ ಸಾವಿರಾರು ಎಕರೆ ಕಾಡನ್ನು ಕರಿಕು ಮಾಡಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ನೆಲದ ಮೇಲಾದರೋ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಬೆಂಕಿಯನ್ನಾರಿಸುತ್ತಿದ್ದವರು ಕಾವಲುಗಾರರೂ ಸ್ವಯಂಸೇವಕರೂ. ಈಗ ಕಾಡಿನ ಬೆಂಕಿಯನ್ನು ಆಕಾಶದ ಉಪಗ್ರಹಗಳು ಶಾಖದಿಂದಲೇ ಗುರುತಿಸುತ್ತವೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ಎಚ್ಚರಿಕೆ ಅರಣ್ಯ ಸಿಬ್ಬಂದಿಯ ಫೋನಿಗೇ ಬರುತ್ತದೆ. ನೂರಾರು ಮೈಲಿ ಎತ್ತರದಿಂದ ಕಂಡ ಬಿಸಿಯ ಸುದ್ದಿ, ಬಿಸಿಯಿಂದಲೇ ಮುಚ್ಚಿಕೊಂಡ ಫೋನಿನ ಬಾಗಿಲಲ್ಲಿ ನಿಂತುಬಿಟ್ಟರೆ? ಫೋನನ್ನು ಜೀಪಿನ ಮುಂಗಟ್ಟೆಯ ಮೇಲೆ ಬಿಸಿಲಿಗೆ ಬಿಡದೆ, ಅಂಗಿಯ ನೆರಳಿನಲ್ಲಿಯೋ ಚೀಲದಲ್ಲಿಯೋ ಇಡುವುದು ಅಲ್ಲಿ ಸಣ್ಣ ಮಾತಲ್ಲ.

ಪಟ್ಟಣದ ಮನೆಗಳಲ್ಲಿ ಪ್ರಸಂಗ ಇಷ್ಟು ಗಂಭೀರವಲ್ಲ. ಮಗಳು ಮಡಿಲ ಗಣಕವನ್ನು ಹಾಸಿಗೆಯ ಮೇಲೆ, ಮೆತ್ತನೆಯ ದಿಂಬಿಗೊರಗಿಸಿ ಇಟ್ಟುಕೊಂಡಿರುತ್ತಾಳೆ. ಅಡುಗೆಮನೆಯಿಂದ ತಾಯಿ, “ಏನೇ ಅದು, ಹಿಟ್ಟಿನ ಗಿರಣಿ ಥರ ಕೂಗ್ತಿದೆ?” ಎನ್ನುತ್ತಾಳೆ. “ಬಿಸಿಯಾಗಿದೆ ಅಷ್ಟೇ ಅಮ್ಮ.” ಗಾಳಿ ಎಳೆದುಕೊಳ್ಳುವ ಕಂಡಿಗಳು ಕೆಳಗಡೆಯಿವೆ; ಹಾಸಿಗೆ ಅವುಗಳ ಮೂಗು ಮುಚ್ಚಿದೆ. ಒಂದು ಮಣೆಯೋ ದಪ್ಪ ರಟ್ಟಿನ ಪುಸ್ತಕವೋ ಅಡಿಗಿದ್ದರೆ ಗಿರಣಿಯ ಸದ್ದು ಅಡಗುತ್ತದೆ. ಮೇಜಿನ ಪೆಟ್ಟಿಗೆಯಾದರೆ ಗೋಡೆಗೆ ಅಂಟಿಸದೆ ಅರ್ಧ ಅಡಿ ಬಿಟ್ಟಿಡುವುದು, ವರ್ಷಕ್ಕೊಮ್ಮೆ ಬೇಸಗೆಗೆ ಮುನ್ನ ವಿದ್ಯುತ್ತು ತೆಗೆದು ಧೂಳು ಊದಿಸುವುದು, ನಾಲ್ಕೈದು ವರ್ಷವಾಗಿದ್ದರೆ ಬಿಲ್ಲೆಗೂ ಲೋಹಕ್ಕೂ ನಡುವೆ ಒಣಗಿದ ಲೇಪವನ್ನು ತಿಳಿದವರಿಂದ ಹೊಸದಾಗಿ ಹಚ್ಚಿಸುವುದು: ಇಷ್ಟಕ್ಕೇ ಹತ್ತು ಡಿಗ್ರಿ ಇಳಿದರೂ ಇಳಿದೀತು. ಉಷ್ಣತೆ ತೋರಿಸುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಆದರೆ ಗಳಿಗೆಗೊಮ್ಮೆ ಅಂಕೆ ನೋಡಿ ಎದೆ ಹೊಡೆದುಕೊಳ್ಳುವವರೂ ಇದ್ದಾರೆ. ಒಂದು ಕ್ಷಣ ಎಂಬತ್ತೆಂಟು ತೋರಿದ್ದಕ್ಕೆ ಗಣಕವನ್ನು ಅಂಗಡಿಗೆ ಹೊರುವುದು, ಮಗು ಓಡಿ ಬಂದು ಏದುಸಿರು ಬಿಟ್ಟಿತೆಂದು ವೈದ್ಯರಲ್ಲಿಗೆ ಒಯ್ದಂತೆ.

ಮರಕ್ಕೆ ಕಟ್ಟಿದ ಆ ಕ್ಯಾಮೆರಾಗಳ ಮಾತೊಂದು ಉಳಿಯಿತು. ಅವು ಪ್ರಾಣಿಯನ್ನು ‘ನೋಡುವುದು’ ಬೆಳಕಿನಿಂದಲ್ಲ, ಕಾವಿನಿಂದ. ಹಿನ್ನೆಲೆಗಿಂತ ಬೇರೆ ಉಷ್ಣತೆಯ ಮೈಯೊಂದು ಚಲಿಸಿದಾಗ ಮಾತ್ರ ಅವು ಎಚ್ಚರಗೊಳ್ಳುತ್ತವೆ. ಸುಡುವ ಮಧ್ಯಾಹ್ನ ಬಂಡೆಯೂ ನೆಲವೂ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ, ಎದುರಿಗೆ ಹಾಯ್ದ ಜೀವವೂ ಅವುಗಳ ಗಮನಕ್ಕೆ ಬಾರದಿರಬಹುದು. ಹುಲಿಯ ಲೆಕ್ಕಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆ ಹೊತ್ತಿನಲ್ಲಿ ಅದೂ ನೆರಳೋ ನೀರೋ ಹುಡುಕಿ ಮಲಗಿರುತ್ತದೆ.

ರಾತ್ರಿ ಒಂಬತ್ತಕ್ಕೆ, ೨೦೦೯ರಲ್ಲಿ ಜಾರಿಗೆ ಬಂದ ನಿರ್ಬಂಧದಂತೆ, ಹೆದ್ದಾರಿಯ ಗೇಟುಗಳು ವಾಹನಗಳಿಗೆ ಮುಚ್ಚುತ್ತವೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತಂಗಾಳಿ ಇಳಿಯುತ್ತದೆ, ಬಂಡೆಗಳು ಮೆಲ್ಲಗೆ ತಣಿಯುತ್ತವೆ. ಕಾಡುದಾರಿಯ ಎರಡು ಬದಿಗಳ ಕ್ಯಾಮೆರಾಗಳಿಗೆ ಹುಲಿಯ ಮೈಬಿಸಿ ಸ್ಪಷ್ಟವಾಗಿ ತಿಳಿಯತೊಡಗುವುದು ಆಗ.